ಏರಿ ಮೇಲಿನ ಮನೆ

ನೀರು ಬಾಗಿಲಿನಿಂದ ಬರಲಿಲ್ಲ. ಹೊಸ್ತಿಲಿಗೆ ಅಡ್ಡಲಾಗಿ ಮರಳಿನ ಮೂಟೆ ಪೇರಿಸಿ ಒಳಗೆ ಬಂದರೆ ಬಚ್ಚಲಿನ ತೂಬು ಗುಳುಗುಳು ಎನ್ನುತ್ತಿತ್ತು. ನೋಡನೋಡುತ್ತಿದ್ದಂತೆ ಕಪ್ಪು ನೀರು ಅಲ್ಲಿಂದ ಮೇಲೆದ್ದು ಹಾಲಿನ ಕಡೆ ಹೊರಟಿತು. ಹಾಲಿನ ಮಂಚದ ಮೇಲೆ ಅವ್ವ ಮಲಗಿದ್ದಳು. ಮೊಣಕಾಲಿನ ಆಪರೇಷನ್ ಆಗಿ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

ನಾನು ಹೊಸದುರ್ಗದ ಕಡೆಯವಳು, ವಿಮಾ ಕಚೇರಿಯ ವರ್ಗಾವಣೆಯಿಂದ ಚೆನ್ನೈಗೆ ಬಂದವಳು. ಪೋರೂರಿನ ಆಚೆ, ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್ ಏಳುತ್ತಿರುವ ಬಡಾವಣೆಯಲ್ಲಿ ನೆಲಮಹಡಿಯ ಮನೆಯನ್ನೇ ಹುಡುಕಿದ್ದು ಅವ್ವನ ಕಾಲಿಗಾಗಿ. ಬ್ರೋಕರ್ ಅಡುಗೆಮನೆಯ ನಲ್ಲಿ ತಿರುಗಿಸಿ ಹೆಮ್ಮೆಯಿಂದ ಹೇಳಿದ್ದ: "ತಣ್ಣಿ ಪ್ರಾಬ್ಲಮ್ಮೇ ಇಲ್ಲೈ ಮೇಡಂ. ಮುನ್ನಾಡಿ ಇದೆಲ್ಲಾಂ ಏರಿ."

ತಣ್ಣಿ ಅಂದರೆ ನೀರು, ಮುನ್ನಾಡಿ ಅಂದರೆ ಮೊದಲು. ಅಷ್ಟು ತಮಿಳು ಆಗಲೇ ಕಲಿತಿದ್ದೆ. ಇನ್ನು ಏರಿಯನ್ನು ನನಗೆ ಯಾರು ಹೇಳಿಕೊಡಬೇಕು? ಕೆರೆಯ ಕಟ್ಟೆ, ಊರಿಗೆಲ್ಲ ಎತ್ತರದ ಜಾಗ. ಮರುಮಾತಿಲ್ಲದೆ ಒಪ್ಪಿಕೊಂಡೆ. "ಏರಿ ಮೇಲೆ ಮನೆ ಸಿಕ್ತು ಅವ್ವ" ಎಂದು ಫೋನಿನಲ್ಲಿ ಕೊಚ್ಚಿಕೊಂಡೆ.

ಟಾರು ಹಾಕಿದಾಗಲೆಲ್ಲ ಇಲ್ಲಿ ರಸ್ತೆ ಮೇಲೇರುತ್ತದೆ, ಮನೆಗಳು ಗುಂಡಿಯಲ್ಲಿ ಉಳಿಯುತ್ತವೆ. ನಮ್ಮ ಹೊಸ್ತಿಲೂ ರಸ್ತೆಗಿಂತ ತಗ್ಗಿನಲ್ಲಿತ್ತು. ಹಿಂಗಾರು ಮಳೆ ಶುರುವಾಗುತ್ತಲೇ ಜನ ಕಾರುಗಳನ್ನು ಮೇಲ್ಸೇತುವೆಯ ಮೇಲೆ ನಿಲ್ಲಿಸಿ ಬರುವುದನ್ನು ಕಂಡು ನಕ್ಕಿದ್ದೆ. ನಮ್ಮೂರಿನಲ್ಲಿ ಕೆರೆ ತುಂಬಿದರೆ ಬಾಗಿನ ಕೊಡುತ್ತೇವೆ, ಇವರೇನು ಇಷ್ಟು ಪುಕ್ಕಲರು ಎಂದುಕೊಂಡಿದ್ದೆ.

ನನ್ನ ಕೂಗು ಕೇಳಿ ಮಹಡಿಯಿಂದ ಪದ್ಮಾ ಮಾಮಿ ಇಳಿದು ಬಂದರು. ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಬೇರೂರಿದ ಕನ್ನಡದ ಮನೆತನ ಅವರದು.

"ಮೊದಲು ಮೆಯಿನ್ ಆಫ್ ಮಾಡಮ್ಮಾ! ಬೀದಿ ಡ್ರೈನೇಜ್ ರೊಂಬಿ ಉಕ್ತಿದೆ, ತಣ್ಣಿ ರಿಟರ್ನ್ ಬರ್ತಿದೆ. ಮೂಟೆ ವಾಸಲ್‌ಗಲ್ಲ, ತೂಬಿಗೆ ಇಡು."

ಕರೆಂಟು ತೆಗೆದೆ. ಬಾಗಿಲ ಬಳಿಯ ಮೂಟೆ ಎಳೆದು ತಂದು ತೂಬಿನ ಮೇಲೆ ಕೆಡವಿದೆ. ನೀರು ಅದರ ಅಂಚಿನಿಂದ ನುಸುಳಿತು, ಕಕ್ಕಸಿನಿಂದಲೂ ಉಕ್ಕಿತು. ಮಂಚದ ಕಾಲು ಮುಳುಗತೊಡಗಿತು. ಅವ್ವನನ್ನು ಮೇಲಕ್ಕೆ ಸಾಗಿಸದೆ ಗತಿಯಿರಲಿಲ್ಲ. ಅವಳೋ ಮಂಚದ ಸರಳು ಹಿಡಿದು ಜಪ್ಪಯ್ಯ ಅಂದರೂ ಕದಲಲಿಲ್ಲ.

"ಏರಿ ಮ್ಯಾಲೆ ಮನೆ ಮಾಡೀನಿ ಅಂತ ನೀನೇ ಹೇಳಿದ್ದಲ್ಲೇನೇ? ಕೆರೆ ತುಂಬಿದ್ರೆ ಊರೋರೆಲ್ಲ ಏರಿ ಹತ್ತಾರೆ. ಏರಿ ಬಿಟ್ಟು ಯಾರಾನ ಓಡ್ತಾರಾ? ಈಗ ಇಳೀತದೆ ಸುಮ್ನಿರು."

ಮಾಮಿ ನನ್ನ ಮುಖ ನೋಡಿದರು. ಆಮೇಲೆ ಅವ್ವನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದರು: "ಅಮ್ಮಾ, ಇದು ಏರಿ ತಾನ್. ಆದ್ರೆ ಇಲ್ಲಿ ಏರಿ ಅಂದ್ರೇ ಕೆರೆ. ನೀವು ಹೇಳೋ ಏರಿಗೆ ನಾವು ಕರೈ ಅಂತೀವಿ."

ನಮ್ಮ ಕೆರೆ ಇವರಿಗೆ ಕರೈ, ಅಂದರೆ ದಡ; ನಮ್ಮ ಏರಿ ಇವರಿಗೆ ಕೆರೆ. ಬ್ರೋಕರ್ ಒಂದೂ ಸುಳ್ಳು ಹೇಳಿರಲಿಲ್ಲ.

"ಅಂದ್ರೆ ನಾನು ಕೆರೆಯೊಳಗೆ ಮಲಗೀನಾ?" ಎಂದಳು ಅವ್ವ. ಸರಳು ಬಿಟ್ಟಳು.

ಅವಳನ್ನು ಮೆಟ್ಟಿಲಿಗೆ ಬೆನ್ನು ಮಾಡಿ ಕೂರಿಸಿದೆವು. ಮಾಮಿ ಮೇಲಿನಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿದರು, ನಾನು ಕೆಳಗೆ ನಿಂತು ಆ ಕಾಲನ್ನು ಮಗುವಿನಂತೆ ಹಿಡಿದೆ. ಒಂದೊಂದು ಮೆಟ್ಟಿಲಿಗೂ ಅವ್ವ ಹಲ್ಲು ಕಚ್ಚಿದಳು. ಹೊಲಿಗೆ ಬಿಚ್ಚಿದರೆ, ಈ ನೀರಿನಲ್ಲಿ ಯಾವ ಆಟೋ ಬರುತ್ತದೆ? ತಿರುವಿನಲ್ಲಿ ಅವಳು ಒಮ್ಮೆ ಚೀರಿದಾಗ ಅತ್ತೇಬಿಟ್ಟೆ. ಮೇಲೆ ಹೋಗಿ ನೋಡಿದರೆ ಬ್ಯಾಂಡೇಜು ಬೆಳ್ಳಗೇ ಇತ್ತು.

ಮಾಮಿ ಬಿಸಿ ರಸಂ ಅನ್ನ ಕೊಟ್ಟರು. ಮಳೆ ಹೊಳವಾಗಿತ್ತು. ಅವ್ವ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಬೀದಿ ಇದ್ದಲ್ಲಿ ತುಂಬಿ ನಿಂತ ನೀರನ್ನೇ ನೋಡುತ್ತಿದ್ದಳು. "ತನ್ನ ಜಾಗಕ್ಕೆ ತಾನು ಬಂದೈತೆ" ಎಂದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆಗ ಊರಿನಿಂದ ಅಕ್ಕನ ಫೋನು ಬಂತು. ಟೀವಿಯಲ್ಲಿ ಚೆನ್ನೈ ನೋಡಿ ಗಾಬರಿಯಾಗಿದ್ದಳು. ಅವ್ವ ಫೋನು ಕಸಿದುಕೊಂಡಳು.

"ನಮಗೇನಾಗೈತೆ? ಏರಿಯಾಗೇ ಇದೀವಿ."

"ಏರಿ ಮ್ಯಾಲಿದ್ರೆ ಬಿಡವ್ವ, ಜೀವ ಬಂತು" ಎಂದಳು ಅಕ್ಕ.

ಅವ್ವ ನನ್ನ ಕಡೆ ನೋಡಿದಳು. ಯಾವ ಭಾಷೆಯ ಏರಿ ಎಂದು ನಾವಿಬ್ಬರೂ ಹೇಳಲಿಲ್ಲ.