ನಟ್ಟು ಕೊನೆಗೆ ಬರುವ ಮಾತು

ಗ್ರೀಸಿನ ವಾಸನೆ ಬಂತೆಂದು ಪಡಸಾಲೆಗೆ ಬಂದರೆ ಮೊಮ್ಮಗಳು ಚಿನ್ನು ನನ್ನ ಹಳೇ ನಟ್ಟು-ಬೋಲ್ಟಿನ ಡಬ್ಬಿ ಸುರುವಿಕೊಂಡು ಕೂತಿದ್ದಳು. ನಾನು ತಾರಿಹಾಳದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದವನು. ಸಾಲಿ ಬಿಟ್ಟಿದ್ದು ನಾಲ್ಕನೇ ಕ್ಲಾಸಿಗೆ. ಅಂಥವನಿಗೆ ಎಂಟು ವರ್ಷದ ಇವಳು ಪಾಠ ಹೇಳುತ್ತಾಳೆ ನೋಡ್ರಿ! ಹಿಗ್ಗಿನಲ್ಲಿ ನಾಲ್ಕು ಮಾತು ಹೆಚ್ಚಾದರೆ ಬೇಸರಿಸಬೇಡಿ.

“ಅಜ್ಜಾ, ಬೋಲ್ಟ್ ಅಂದ್ರ ‘ನಾ’. ವಾಷರ್ ಅಂದ್ರ ‘ರೊಟ್ಟಿ’. ನಟ್ಟು ಅಂದ್ರ ‘ತಿಂತೇನಿ’.”

ನಮ್ಮ ಮಾತಿನಲ್ಲಿ ನಟ್ಟು ಕೊನೆಗೆ: “ನಾ ರೊಟ್ಟಿ ತಿಂತೇನಿ.” ಇಂಗ್ಲಿಷಿಗೆಂದು ಇನ್ನೊಂದು ಬೋಲ್ಟಿಗೆ ನಟ್ಟು ಮೊದಲು ಏರಿಸಿ, ವಾಷರ್ ಆಮೇಲೆ ತೂರಿಸಿದಳು: “ಐ ಈಟ್ ರೊಟ್ಟಿ.”

“ಹಿಂಗ ಜೋಡಿಸಿದ್ರ ನಮ್ಮ ಸಾಹೇಬ್ರು ಬೈತಿದ್ರು ನೋಡವಾ!”

“ಇಂಗ್ಲಿಷ್ ಮಾತು ಹಂಗ ನಿಲ್ಲತೈತಿ, ಬಿಡಜ್ಜಾ.”

ಮೂರನೇ ಬೋಲ್ಟ್ ಎತ್ತಿದಳು. “ಮೈಂ ರೋಟಿ ಖಾಂದೀ ಹಾಂ.” ಮೊದಲು ವಾಷರ್, ಕಡೆಗೆ ನಟ್ಟು. ಥೇಟ್ ನಮ್ಮಂಗ!

“ಪಂಜಾಬಿ ಯಾರು ಕಲಿಸಿದ್ರು ನಿನಗ?”

“ಮಮ್ಮಿ ತಾರಸಿ ಮ್ಯಾಲ ಫೋನಿನ್ಯಾಗ ನಾನಿ ಜೋಡಿ ಮಾತಾಡೋವಾಗ ಕೇಳೀನಿ.”

ನನ್ನ ಹಿಗ್ಗು ಅಲ್ಲೇ ಇಳಿಯಿತು.

ಸೊಸೆ ಲುಧಿಯಾನಾದವಳು, ಮಗ ಮೆಚ್ಚಿ ಕರೆತಂದವಳು. ಅವಳನ್ನು ತಾರಸಿ ಹತ್ತಿಸಿದವನು ನಾನೇ. ಚಿನ್ನು ತೊದಲುವ ಕಾಲಕ್ಕೆ ಹೇಳಿದ್ದೆ: “ನಿಮ್ಮ ಭಾಷಾ ಈ ಮನ್ಯಾಗ ಬ್ಯಾಡವಾ. ಕೂಸಿಗೆ ಇಂಗ್ಲಿಷ್ ಹತ್ತಂಗಿಲ್ಲ.” ಯಂತ್ರದ ಡ್ರಾಯಿಂಗಿನ ಮೇಲಿನ ಇಂಗ್ಲಿಷ್ ಓದಲಾರದೆ ಜೀವಮಾನವೆಲ್ಲ ಪಕ್ಕದವರ ಮುಖ ನೋಡಿದವನ ಸಂಕಟ ಅದು, ತೀರಿಸಿಕೊಂಡದ್ದು ಅವಳ ಮೇಲೆ. ಅಂದಿನಿಂದ ತಾಯಿಯ ಫೋನ್ ಬಂದರೆ ಒಣಗಿದ ಬಟ್ಟೆ ತರುವ ನೆವದಲ್ಲಿ ಮೇಲೆ ಹೋಗುತ್ತಾಳೆ. ಮಳೆಗಾಲದಲ್ಲೂ ಒಣಗಿದ ಬಟ್ಟೆ! ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಪೇಪರ್ ಮುಖಕ್ಕೆ ಹಿಡಿದು ಕೂರುತ್ತಿದ್ದೆ. ಅವಳು ನಮ್ಮ ಮಾತನ್ನು ‘ರಿ’ ಸಮೇತ ಕಲಿತಳು. ಅವಳದೊಂದು ಶಬ್ದ ನನಗೆ ಬರುವುದಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸೊಸೆಯ ಫೋನ್ ರಿಂಗಾಯಿತು. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು.

“ಇಲ್ಲೇ ಮಾತಾಡವಾ,” ಅಂದೆ. “ಅವತ್ತ ಹಂಗ ಅಂದದ್ದು ನಂದ ತಪ್ಪು.”

ಅವಳು ತಿರುಗಿ ನೋಡಿದಳು. “ಖರೇನ ಇಲ್ಲೇ ಮಾತಾಡ್ಲೇನ್ರಿ, ಮಾವಾರ?”

ಮೂರನೇ ಮೆಟ್ಟಿಲಲ್ಲೇ ಕೂತಳು. ಮೊದಲು ಪಿಸುಮಾತು. ಆಮೇಲೆ ನಗು; ಇಷ್ಟು ವರ್ಷ ನನ್ನ ತಲೆಯ ಮೇಲೇ ಇದ್ದು ನಾನು ಕೇಳದ ನಗು. ಮಾತು ಒಂದೂ ತಿಳಿಯಲಿಲ್ಲ. ತಲೆ ಎತ್ತಲಾಗದೆ, ಚಿನ್ನುವಿನ ಮೂರನೇ ಬೋಲ್ಟ್, ಆ ಪಂಜಾಬಿ ಬೋಲ್ಟ್, ಕೈಗೆತ್ತಿಕೊಂಡು ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ.