ಹರಿಗೋಲಿನಲ್ಲಿ ಕಟಿಂಗ್ ಕುರ್ಚಿ

ಅಂಗಡಿಯ ಹಳೇ ಕಟಿಂಗ್ ಕುರ್ಚಿಯ ನಾಲ್ಕೂ ಕಾಲನ್ನು ಗರಗಸದಿಂದ ಕೊಯ್ಯುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ಹೊಸಾದು ಬಂತಂತ ಹಳೇದಕ್ಕ ಇಂಥಾ ಶಿಕ್ಷಾ ಏನ್ರಿ?"

ಶಿಕ್ಷೆ ಅಲ್ಲ, ಪ್ರಮೋಷನ್ ಅಂದೆ.

ಆಗ ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಕಟಿಂಗ್ ಶಾಪ್. ಮೊಬೈಲ್ ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ. ಮಂಗಳವಾರ ರಜೆ ಸಿಕ್ಕರೆ ತಂಬ್ರಹಳ್ಳಿ ಹಿನ್ನೀರಿಗೆ ಹೋಗಿ, ಗೆಳೆಯ ಈರಣ್ಣನ ಹರಿಗೋಲಿನಲ್ಲಿ ಗಾಳ ಹಾಕುವುದೇ ನನ್ನ ಮೋಜು.

ಆದರೆ ಕುಕ್ಕರಗಾಲಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಬೆನ್ನಿಗೆ ಆಸರೆ ಇಲ್ಲದೆ ಕೂರಬೇಡಿ ಅಂದರು ಡಾಕ್ಟರು. ಮೀನು ಹಿಡಿಯಬೇಡಿ ಅನ್ನಲಿಲ್ಲವಲ್ಲ...

ಮೊದಲ ಸಲ ಕುರ್ಚಿಯನ್ನು ಹಾಗೇ ಇಟ್ಟು ಕೂತಾಗ ಹರಿಗೋಲು ಮಗುಚಿತ್ತು. ಪುಣ್ಯಕ್ಕೆ ಮೊಣಕಾಲುದ್ದ ನೀರು.

ಅದಕ್ಕೇ ಈ ಸಲ ಕಾಲುಗಳನ್ನು ಗೇಣುದ್ದಕ್ಕಿಳಿಸಿ, ಕೆಳಗೆ ಅಗಲ ಹಲಗೆ ಹೊಡೆದೆ. ಗಾಳದ ಕೋಲು ಸಿಗಿಸಲು ಕೈ ಪಕ್ಕ ಪೈಪಿನ ತುಂಡು. ತಲೆಗೆ ಒರಗು ಮೊದಲೇ ಇತ್ತು.

ಮಂಗಳವಾರ ಹರಿಗೋಲಿನಲ್ಲಿ ಒರಗಿ ಕೂತೆ ನೋಡಿ... ಸ್ವರ್ಗ! ಇಷ್ಟು ವರ್ಷ ಊರಿನವರನ್ನೆಲ್ಲ ಕೂರಿಸಿದ ಕುರ್ಚಿ ಇಷ್ಟು ಮೆತ್ತಗಿದೆ ಅಂತ ನನಗೇ ಗೊತ್ತಿರಲಿಲ್ಲ.

ಐದು ನಿಮಿಷ ಆಗಿರಬೇಕು. ಈರಣ್ಣ ಹುಟ್ಟು ಹಾಕುವುದು ಬಿಟ್ಟು ಗಡ್ಡ ಕೆರೆದುಕೊಂಡ.

"ದೋಸ್ತಾ, ಮಗಳನ್ನ ನೋಡಾಕ ಸಂಜಿಗೆ ಇಟ್ಟಿಗಿ ಊರಿಂದ ಗಂಡಿನ ಕಡ್ಯಾರು ಬರ್ತಾರ. ಕುರ್ಚಿ ಇಲ್ಲೇ ಐತಿ, ನೀನೂ ಇಲ್ಲೇ ಅದಿ..."

"ಲೇ, ಇವತ್ತು ನನಗ ರಜಾ!"

"ಗಡ್ಡಕ್ಕ ರಜಾ ಐತೇನು?"

ಸಾಮಾನಿನ ಪೆಟ್ಟಿಗೆ ಸದಾ ನನ್ನ ಚೀಲದಲ್ಲಿರುತ್ತದೆಂದು ಅವನಿಗೆ ಗೊತ್ತು. ಕಡೆಗೆ ಅವನು ಕುರ್ಚಿಯಲ್ಲಿ, ನಾನು ಮೊಣಕಾಲೂರಿ.

ಗಡ್ಡ ಮುಗಿಸಿ ಮೀಸೆಗೆ ಕತ್ತರಿ ಇಟ್ಟಿದ್ದೆ. ಗಾಳದ ಕೋಲು ಗಕ್ಕನೆ ಬಾಗಿತು, ಈರಣ್ಣ ಎಗರಿ ಹಿಡಿದ.

ಮೀನು ತಪ್ಪಿಸಿಕೊಂಡಿತು. ಎಡಗಡೆಯ ಮೀಸೆ ನನ್ನ ಕತ್ತರಿಯಲ್ಲಿತ್ತು.

ಬಲಗಡೆಯದನ್ನೂ ತೆಗೆಯೋಣ ಅಂದೆ. ಅವನು ಅಳುವುದೊಂದು ಬಾಕಿ.

"ಪೂರಾ ಬೋಳಿಸಿದ್ರ ಅಪ್ಪ ಸತ್ತಾನಂತ ತಿಳಿತಾರಲೇ! ನಮ್ಮಪ್ಪ ಗಟ್ಟಿ ಅದಾನ, ಮನ್ಯಾಗ ಅವರನ್ನ ಕಾಯ್ಕೊಂತ ಕುಂತಾನ!"

ಅಷ್ಟರಲ್ಲಿ ದಡದಲ್ಲಿ ಮೂವರು ಬಿಳಿ ಪಂಚೆಯವರು. ಗಂಡಿನ ಕಡೆಯವರು ಮಧ್ಯಾಹ್ನದ ಬಸ್ಸಿಗೇ ಬಂದಿಳಿದು, ಈರಣ್ಣನನ್ನು ಹುಡುಕಿಕೊಂಡು ಇಲ್ಲಿಗೇ ಬಂದುಬಿಟ್ಟಿದ್ದರು.

ಈರಣ್ಣ ಅರ್ಧ ಮುಖಕ್ಕೆ ಟವೆಲ್ ಸುತ್ತಿಕೊಂಡು ಹರಿಗೋಲನ್ನು ದಡಕ್ಕೆ ಹಚ್ಚಿದ. ಹುಡುಗಿಯ ಸಂಬಂಧ ನನ್ನ ಕತ್ತರಿಯಿಂದ ಮುರಿದರೆ ಯಾವ ಮುಖ ಇಟ್ಟುಕೊಂಡು ಆ ಮನೆಗೆ ಹೋಗುವುದು?

ಹುಡುಗನ ಅಪ್ಪ ದಪ್ಪ ಆಸಾಮಿ. ಈರಣ್ಣನ ಮುಖದಿಂದ ಟವೆಲ್ ಜಾರಿತು, ಆದರೆ ಅವರ ಕಣ್ಣು ಕುರ್ಚಿಯ ಮೇಲೆ.

"ನಾನೂ ಒಂದ್ ಸಲ ಕುಂದ್ರಲೇನ್ರಿ? ಬಸ್ಸಿನ್ಯಾಗ ಸೊಂಟ ಸತ್ತು ಹೋಗೇತಿ."

ಕೂತವರು ಒಂದು ತಾಸು ಏಳಲಿಲ್ಲ. ಹರಿಗೋಲು ಮತ್ತೆ ಹೊರಟಿತು, ನೀರಿನ ನಡುವೆಯೇ ಮಾತುಕತೆ. ಕಣ್ಣು ಮುಚ್ಚಿಕೊಂಡೇ ಅವರು ಹೇಳಿದ್ದು ಇವತ್ತಿಗೂ ನೆನಪಿದೆ: "ಮೀಸಿ ನಾಳೆ ಬೆಳಿತಾವ್ರಿ. ಹುಡುಗ-ಹುಡುಗಿ ಒಪ್ಪಿದ್ರ ಸಾಕು, ನಮಗ ಬ್ಯಾರೇ ಏನೂ ಬ್ಯಾಡ. ಈ ಕುರ್ಚಿ ಒಂದು ಕೊಡ್ರಿ."

ಆಮೇಲೆ ಮನೆಯಲ್ಲಿ ಹುಡುಗ ಒಪ್ಪಿದ, ಹುಡುಗಿಯೂ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ.

ಕುರ್ಚಿ ಅವತ್ತೇ ಬಸ್ಸಿನ ಟಾಪ್ ಮೇಲೆ ಕೂತು ಇಟ್ಟಿಗಿಗೆ ಹೋಯಿತು.

ನೀವೇ ಹೇಳಿ, ಮುಂದಿನ ಮಂಗಳವಾರ ನಾನು ಯಾವುದರ ಮೇಲೆ ಕೂರಬೇಕಿತ್ತು?