ಬಾಗಿಲ ಮೇಲಿನ ಸೀಮೆಸುಣ್ಣದ ಅಂಕಿ

ಕೆನ್ಯಾದ ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲ ಮೇಲೆ, ಕರೆಗಂಟೆಯಿಂದ ಒಂದು ಗೇಣು ಕೆಳಗೆ, ಸೀಮೆಸುಣ್ಣದಲ್ಲಿ ಬರೆದ ಒಂದು ಅಂಕಿ ಇದೆ. ಎಣಿಸಿ ಮುಗಿಸಿದ ಮನೆಗೆ ಜನಗಣತಿಯವರು ಹಾಕಿ ಹೋಗುವ ಗುರುತು ಅದು. ಅಕ್ಕಪಕ್ಕದ ಬಾಗಿಲುಗಳಲ್ಲಿ ಎರಡು ವಾರಕ್ಕೇ ಅಳಿಸಿಹೋಯಿತು. ನಮ್ಮದು ಉಳಿದದ್ದು ಶೋಶೋಳಿಂದ. ಬಾಗಿಲು ಒರೆಸುವಾಗ ಅದೊಂದನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದಳು. ಈಗ ಅವಳಿಲ್ಲ. ನಾನು ಆ ಅಂಕಿಯಿಂದ ಕಣ್ಣು ತಪ್ಪಿಸಿಕೊಂಡೇ ಬೀಗ ತೆಗೆಯುತ್ತೇನೆ.

ಶೋಶೋ ಎಂದರೆ ಇಲ್ಲಿಯ ಕಿಕುಯು ಜನರ ಮಾತಿನಲ್ಲಿ ಅಜ್ಜಿ. ಅರವತ್ತು ದಾಟಿದ ಕಿಕುಯು ಹೆಂಗಸು, ಏಳು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದು ಅಡುಗೆ, ಮನೆಗೆಲಸ ನೋಡಿಕೊಂಡಳು. ಭಾನುವಾರ ಬೈಬಲ್ ಹಿಡಿದು ಚರ್ಚಿಗೆ ಹೋಗುವಳು. ಆದರೆ ದಿನಾ ಬೆಳಗ್ಗೆ ಹಿಂದಿನ ಬಾಲ್ಕನಿಯಲ್ಲಿ, ಮೋಡವಿಲ್ಲದ ದಿನ ಕಾಣಿಸುವ ಕೆನ್ಯಾ ಪರ್ವತದ ದಿಕ್ಕಿಗೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದಳು. ಚಹಾಕ್ಕೆ ಇಟ್ಟ ಹಾಲಿನಲ್ಲಿ ಒಂದು ಗುಟುಕು ಹೂಕುಂಡದ ಮಣ್ಣಿಗೆ ಸುರಿಯುವಳು. ಮೊದಲ ಸಲ ನನ್ನ ಕಣ್ಣಿಗೆ ಬಿದ್ದಾಗ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಬಿಳಿಚಿಕೊಂಡಳು.

"ಮ್ಯಾಡಮ್, ನನ್ನ ಅಳಿಯನಿಗೆ ಮಾತ್ರ ಹೇಳ್ಬೇಡಿ" ಎಂದಳು ಸ್ವಾಹಿಲಿಯಲ್ಲಿ.

ಅಳಿಯ ಪಾಸ್ಟರ್. ಹೀಗೆ ಹಾಲು ಸುರಿಯುವವರನ್ನೆಲ್ಲ ಅವನು ವೇದಿಕೆಯ ಮೇಲಿಂದ 'ಪೇಗನ್' ಎಂದು ಬೈಯುವವನು. ಇವಳು ಚಿಕ್ಕವಳಿದ್ದಾಗ ದೀಕ್ಷಾಸ್ನಾನವಾಗದೆ ಶಾಲೆಗೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ತಲೆಗೆ ನೀರು ಹಾಕಿ ಹೊಸ ಹೆಸರಿಟ್ಟರು. ದೇವರ ನೆಲೆಯೆಂದು ಆ ಬೆಟ್ಟಕ್ಕೆ ಕೈ ಎತ್ತುವುದನ್ನು ಅವಳ ಅಜ್ಜಿ ಗುಟ್ಟಾಗಿ ಕಲಿಸಿದಳು.

ನಾನು ತುಳುನಾಡಿನವಳು. ನಮ್ಮ ಕುಟುಂಬಕ್ಕೊಂದು ದೈವವಿದೆ. ಅದನ್ನೂ ಹಿಂದೆ ಬಿಳಿಯ ಪಾದ್ರಿಗಳು ದೆವ್ವದ ಪೂಜೆ ಎಂದೇ ಬರೆದಿಟ್ಟು ಹೋದರು. ವರ್ಷಕ್ಕೊಮ್ಮೆ ಕೋಲ ಕಟ್ಟಿದವನ ಮೈಮೇಲೆ ಬಂದು ಅದು ನುಡಿ ಕೊಡುತ್ತದೆ, ನ್ಯಾಯ ಹೇಳುತ್ತದೆ, ಅದರ ಎದುರು ಸುಳ್ಳು ಹೇಳಿದವರು ಉಳಿಯುವುದಿಲ್ಲ ಎಂದು ನನ್ನ ಹರಕು ಸ್ವಾಹಿಲಿಯಲ್ಲಿ ಅವಳಿಗೆ ವರ್ಣಿಸಿದ್ದೆ. ಶೋಶೋ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು, "ಅದು ನಿಮ್ಮ ಜೊತೆ ಇಲ್ಲಿಗೂ ಬಂದಿದೆಯಾ?"

"ಅದಕ್ಕೆ ವೀಸಾ ಸಿಕ್ಕಿಲ್ಲ" ಎಂದು ನಗಾಡಿದೆ. ಅವಳು ನಗಲಿಲ್ಲ. ಈಗ ನನಗೂ ನಗು ಬರುವುದಿಲ್ಲ.

2019ರ ಜನಗಣತಿ ಹತ್ತಿರ ಬಂದಾಗ, ಹಿರಿಯರ ಧರ್ಮವನ್ನು ಇನ್ನೂ ಉಳಿಸಿಕೊಂಡಿದ್ದ ಕೆಲವು ಮುದುಕರು ಒಂದು ಕರಪತ್ರ ಹಂಚಲು ಹೊರಟರು. ಅವರಲ್ಲೊಬ್ಬರು ನನ್ನ ಸಹೋದ್ಯೋಗಿಯ ತಂದೆ. 'ಗಣತಿಯವರು ಧರ್ಮ ಕೇಳಿದಾಗ ನಾಚಬೇಡಿ, ಇದ್ದದ್ದನ್ನು ಹೇಳಿ' ಎಂಬುದು ಅದರ ಸಾರ. ಊರ ಉಸಾಬರಿ ಎಂದರೆ ನನಗೆ ಊಟಕ್ಕಿಂತ ಹೆಚ್ಚು. ಟೈಪ್ ಮಾಡಿಕೊಟ್ಟೆ, ಪ್ರಿಂಟ್ ಹಾಕಿಸಿದೆ, ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮಟಾಟು ವ್ಯಾನು ಹತ್ತುವವರ ಕೈಗೆಲ್ಲ ತುರುಕಿದೆ.

"ನಿಂಗ್ಯಾಕೆ ಬೇಕಿತ್ತು ಇದೆಲ್ಲ? ಸುಮ್ನೆ ಇರೋಕಾಗಲ್ವಾ?" ಎಂದರು ಮೈಸೂರಿನವರಾದ ನನ್ನ ಗಂಡ. "ಅಮ್ಮಾ, ಪ್ಲೀಸ್, ಲೀವ್ ಹರ್ ಅಲೋನ್" ಎಂದಳು ಮಗಳು. ಗಣತಿಯಲ್ಲಿ ಇದ್ದದ್ದನ್ನು ಹೇಳು ಎಂದು ನಾನು ಶೋಶೋಳ ಬೆನ್ನು ಹತ್ತಿದ್ದು ಇಬ್ಬರಿಗೂ ಗೊತ್ತಾಗಿತ್ತು.

ಶೋಶೋಗೆ ಎಣಿಕೆಯೇ ಭಯ. ಮನುಷ್ಯರನ್ನು ಎಣಿಸಿದರೆ ಸಾವಿಗೆ ದಾರಿ ತೋರಿಸಿದಂತೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಚರ್ಚಿನವರಿಗೆ ಗೊತ್ತಾದರೆ ಎಂಬ ಭಯ ಬೇರೆ. ನಾನು ಬಿಡಲಿಲ್ಲ. ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ ಒಂದೇ ಪಲ್ಲವಿ. ಕೊನೆಗೊಂದು ಬೆಳಗ್ಗೆ ಅವಳಾಗಿಯೇ ಬಂದು ಹೇಳಿದಳು.

"ನನ್ನಜ್ಜಿ ಸತ್ತಾಗ ಎಲ್ಲಾ ಅವಳ ಜೊತೆಗೇ ಮುಗೀತು ಅಂದ್ರು. ಮುಗಿದಿಲ್ಲ ಅಂತ ಒಂದು ಕಡೆ ಬರೆದಿಡ್ಬೇಕು. ಆದರೆ ಮ್ಯಾಡಮ್, ನಾನೇ ಹೇಳ್ತೀನಿ. ನನ್ನ ಬಾಯಿಂದ."

ಗಣತಿಯ ರಾತ್ರಿ ಯಾರು ಎಲ್ಲಿ ಮಲಗಿರುತ್ತಾರೋ ಆ ಮನೆಯ ಲೆಕ್ಕಕ್ಕೆ ಸೇರುತ್ತಾರೆ. ಮನೆಯ ಯಜಮಾನರು ಎಲ್ಲರ ಪರವಾಗಿ ಉತ್ತರ ಕೊಡಬಹುದು. ಆ ರಾತ್ರಿ ಬಂದದ್ದು ಶನಿವಾರ. ಶನಿವಾರಗಳಲ್ಲಿ ಶೋಶೋ ಮಗಳ ಮನೆಗೆ ಹೋಗುವ ಪದ್ಧತಿ. ಅಲ್ಲಿ ಮಲಗಿದರೆ ಉತ್ತರ ಕೊಡುವವನು ಪಾಸ್ಟರ್ ಅಳಿಯ. ಅದಕ್ಕೇ ಮಂಡಿನೋವೆಂದು ಮಗಳಿಗೆ ಫೋನ್ ಮಾಡಿ ಅವಳು ನಮ್ಮಲ್ಲೇ ಉಳಿದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಗಣತಿಯವರು ನಮ್ಮ ಮನೆಗೆ ಬಂದದ್ದು ಸೋಮವಾರ ಮಧ್ಯಾಹ್ನ. ಕೈಯಲ್ಲಿ ಟ್ಯಾಬ್ ಹಿಡಿದ, ಕೊರಳಲ್ಲಿ ಸಣ್ಣ ಶಿಲುಬೆಯಿದ್ದ ಒಬ್ಬ ಹುಡುಗಿ, ಜೊತೆಗೆ ಮನೆ ತೋರಿಸಲು ಆ ಬೀದಿಯ ಹಿರಿಯನೊಬ್ಬ. ಶೋಶೋ ಸೊಪ್ಪು ತರಲು ಕೆಳಗಿನ ಅಂಗಡಿಗೆ ಹೋಗಿದ್ದಳು. ನನಗೆ ಹತ್ತು ನಿಮಿಷದಲ್ಲಿ ಆಫೀಸಿನ ಆನ್‌ಲೈನ್ ಮೀಟಿಂಗ್.

ನಮ್ಮ ಮೂವರ ಧರ್ಮ ಕೇಳಿದಾಗ 'ಹಿಂದೂ' ಎಂದೆ. ಸುಳ್ಳೇನಲ್ಲ. ಆದರೆ ದೈವದ ನೆನಪು ಕೂಡ ಆಗಲಿಲ್ಲ. ಆಮೇಲೆ ಹುಡುಗಿ ಶೋಶೋಳ ಸಾಲಿಗೆ ಬಂದಳು.

"ಅವರೇ ಹೇಳ್ಬೇಕು ಅಂದ್ರೆ ನಾನು ಕಾಯ್ತೀನಿ. ಇಲ್ಲಾಂದ್ರೆ ಸಂಜೆ ಬರ್ತೀನಿ" ಎಂದಳು. ಅಷ್ಟು ಒಳ್ಳೆಯ ಹುಡುಗಿ.

ಬಾಗಿಲಿಗೊರಗಿ ನಿಂತಿದ್ದ ಹಿರಿಯ ನಕ್ಕ. "ಇಲ್ಲಿಯ ಶೋಶೋನಾ? ನಮ್ಮ ಚರ್ಚಿನ ಅಕ್ಕ. ಭಾನುವಾರ ನನ್ನ ಹಿಂದಿನ ಸಾಲಲ್ಲೇ ಕೂತ್ಕೋತಾಳೆ."

ನಾನು ಹಿರಿಯನ ಮುಖ ನೋಡಿದೆ. ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ 'ನಾಚಬೇಡಿ' ಎಂದು ಕೂಗಿದವಳು ನಾನು. "ಕಾಯೋದೇನೂ ಬೇಡ. ಕ್ರಿಶ್ಚಿಯನ್" ಎಂದೆ. ಹುಡುಗಿ ಬೆರಳಿನಿಂದ ಒತ್ತಿದಳು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು, "ಅಸಾಂಟೆ, ಮಾಮಾ" ಎಂದು, ಅಂದರೆ ಥ್ಯಾಂಕ್ಸ್ ಅಮ್ಮಾ ಎಂದು, ಹೇಳಿ ಹೊರಟಳು. ಶೋಶೋಳನ್ನು ಕಾಪಾಡಿದೆ ಎಂದು ಮೀಟಿಂಗ್ ಮುಗಿಯುವವರೆಗೆ ನನಗೆ ನಾನೇ ಹೇಳಿಕೊಂಡೆ. ಕಾಪಾಡುವುದೇ ಆಗಿದ್ದರೆ ಹುಡುಗಿಯನ್ನು ಸಂಜೆ ಒಬ್ಬಳೇ ಬಾ ಎನ್ನಬಹುದಿತ್ತು.

ಶೋಶೋ ಸೊಪ್ಪಿನ ಕಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಂಕಿಯನ್ನು ನೋಡಿದಳು.

"ಬಂದು ಹೋದ್ರಾ?"

"ಹ್ಞೂಂ."

"ನಂದು?"

"ನೀನು ಹೇಳಿದ್ದನ್ನೇ ಹೇಳ್ದೆ."

ಅವಳು ಸೊಪ್ಪು ಇಳಿಸಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತನ್ನ ಬಾಯಿಂದ ಹೇಳುವುದು ತಪ್ಪಿತು ಎಂಬ ಬೇಸರ ಎಂದುಕೊಂಡೆ. ಅಂದಿನಿಂದ ಅವಳು ಆ ಅಂಕಿಯನ್ನು ಬಿಟ್ಟು ಬಾಗಿಲು ಒರೆಸತೊಡಗಿದಳು. ನನಗೆ ಮಾತ್ರ ಬೆಳಗ್ಗೆ ಬಾಲ್ಕನಿಯ ಕಡೆ ಹೋಗಲು ಕಾಲೇ ಏಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಒಂದೆರಡು ಸಲ ಹಿಂದೆ ಗಗ್ಗರದ ಸದ್ದು ಕೇಳಿಸಿತು, ದೈವ ಕಟ್ಟಿದವನ ಕಾಲಿನ ಆ ಭಾರದ ಸದ್ದು. ತಿರುಗಿದರೆ ಬಟ್ಟೆ ಒಗೆಯುವ ಮೆಷಿನ್. ಹೌದು, ಮೆಷಿನ್ನೇ. ಆದರೂ ಹೆದರಿದ್ದು ನಿಜ.

ತಿಂಗಳುಗಳು ಕಳೆದ ಮೇಲೆ ಧರ್ಮಗಳ ಲೆಕ್ಕ ಪತ್ರಿಕೆಯಲ್ಲಿ ಬಂತು. ಶೋಶೋ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿದಳು.

"ಹಿರಿಯರ ಧರ್ಮದವರು ಯಾವ ಸಾಲು?"

ತೋರಿಸಿದೆ.

"ಇದರಲ್ಲಿ ನಾನಿದ್ದೀನಾ?"

ಆಗಲಾದರೂ ಹೇಳಬಹುದಿತ್ತು. ಆ ಸಂಖ್ಯೆಯ ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, "ಇಲ್ಲೇ ಇದ್ದೀಯ" ಎಂದೆ.

ಅವಳು ನನ್ನ ಅದೇ ಕೈಯನ್ನು ಎಳೆದುಕೊಂಡಳು, ಅಂಗೈ ಬಿಡಿಸಿದಳು, ಅದರ ಮೇಲೆ ತುಸುವೇ ಉಗುಳಿದಳು. ಅವರಲ್ಲಿ ಹಿರಿಯರು ಹರಸುವುದು ಹಾಗೆ, ತಮ್ಮ ಮಕ್ಕಳನ್ನು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದಳು. ಏಳು ವರ್ಷದಲ್ಲಿ ಮೊದಲ ಸಲ ಮ್ಯಾಡಮ್ ಎನ್ನಲಿಲ್ಲ.

"ಮಗಳೇ, ಇನ್ನೊಂದು ಸಲ ಅವರು ಬಂದಾಗ ಹೆದರಬೇಡ. ನಿನ್ನ ದೈವದ್ದನ್ನೂ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹೆದರಬೇಡ ಎಂದಳು. ಸೊಪ್ಪು ತಂದ ದಿನವೇ ಅವಳಿಗೆ ಗೊತ್ತಾಗಿತ್ತೇ? ಕೇಳುವ ಧೈರ್ಯ ನನಗೆ ಬರಲಿಲ್ಲ, ಮುಂದಿನ ಮಳೆಗಾಲಕ್ಕೆ ಅವಳು ತೀರಿಕೊಂಡಳು. ಅಳಿಯನೇ ಪ್ರಾರ್ಥನೆ ಹೇಳಿ ಮಣ್ಣು ಮಾಡಿದ. ಈಗ ಬೆಳಗ್ಗೆ ಹೂಕುಂಡಕ್ಕೆ ಒಂದು ಗುಟುಕು ಹಾಲು ನಾನೇ ಸುರಿಯುತ್ತೇನೆ, ಎಡಗೈಯಲ್ಲಿ ಲೋಟ ಹಿಡಿದು. ಅವಳು ಮಡಚಿಟ್ಟ ಬಲಗೈಯ ಮುಷ್ಟಿ ಬಿಡಿಸಲು ಆಗುವುದಿಲ್ಲ.